ಬಡಗಿಯ ಬಿಲ್ಲು

ಕದ ಒಂದು, ಉಕ್ಕಿನದು, ಮೂವತ್ತಾರು ಇಂಚು.
ಕೀಲು ಮೂರು. ಚೌಕಟ್ಟಿಗೆ ಪೈನ್ ಮರ, ಎರಡು ತುಂಡು.
ಮೊಳೆ, ಪುಟ್ಟಿ, ಕೂಲಿ.
ಟೊಲೀಡೊ ನಗರಸಭೆ ಕದಕ್ಕೆ ಮಾತ್ರ ದುಡ್ಡು ಕೊಡುತ್ತದೆ;
ಗೋಡೆಯ ತೂತಿಗೆ ಬೇರೆ ಅರ್ಜಿ,
ನೀಲಿ ಕಾಗದ, ಮೂರು ಪ್ರತಿ.

ನಾನು ಲೂಷಿಯಸ್ ಪೆಟ್‌ವೇ. ಇಪ್ಪತ್ತೆರಡು ವರ್ಷದಿಂದ
ಒಡೆದವರ ಹಿಂದೆಯೇ ಹೋಗಿ ಕೂರಿಸುವ ಕೆಲಸ.
ಬಿಲ್ಲು ಬರೆಯುವವನು ನಾನು,
ಬಾಣ ಬಿಟ್ಟವರು ಬೇರೆ.
ಸೀಳು ನೋಡಿದರೆ ಹೇಳಬಲ್ಲೆ
ಕಾಲಲ್ಲಿ ಒದ್ದದ್ದೋ, ದಿಮ್ಮಿಯಲ್ಲಿ ಗುದ್ದಿದ್ದೋ.
ಇಲ್ಲಿ ಸರಪಳಿ ಸಿಕ್ಕಿಸಿದ ಹಾಗೇ ಇತ್ತು,
ಅಗುಳಿ ಪೂರ್ತಿ ಹೊರಚಾಚಿ ಬಾಗಿತ್ತು:
ತೆರೆಯಲು ಯಾರ ಕೈಯೂ ಹೊರಟಿರಲಿಲ್ಲ,
ಹೊರಡುವಷ್ಟು ಹೊತ್ತು ಕೊಟ್ಟಿರಲಿಲ್ಲ.

ಅವರು ಹೋಗಬೇಕಿದ್ದದ್ದು ನಲವತ್ನಾಲ್ಕು ಎಪ್ಪತ್ತೊಂದಕ್ಕೆ.
ಇದು ನಲವತ್ನಾಲ್ಕು ಹದಿನೇಳು.
ವಾರಂಟಿನಲ್ಲಿ ಎರಡು ಅಂಕಿ ಜಾಗ ಬದಲಿಸಿ ಕೂತಿದ್ದವು,
ಬಸ್ಸಿನಲ್ಲಿ ಸೀಟು ಬದಲಿಸಿಕೊಂಡ ಮುದುಕರ ಹಾಗೆ.

ಬೆಳಗಿನ ಜಾವ ನಾಲ್ಕೂ ಹತ್ತು.
ಕ್ವಿನ್ಸಿ ಗೇನ್ಸ್, ಇಪ್ಪತ್ತಾರು,
ಪಾಳಿ ಮುಗಿಸಿ ಬಂದು ಸಾಕ್ಸೂ ಬಿಚ್ಚದೆ ಮಲಗಿದ್ದವನು,
ಕಳ್ಳರೆಂದುಕೊಂಡ.
ಮಂಚದ ಪಕ್ಕ ಪಿಸ್ತೂಲಿತ್ತು. ಅದಕ್ಕೆ ರಸೀದಿಯೂ ಇತ್ತು.
ಮೀನಿನ ಗಾಳ, ಟೆಂಟು, ಮಕ್ಕಳ ಈಜುಡುಗೆ ಮಾರುವ ಅಂಗಡಿಯಲ್ಲಿ
ಅವನ ಅಮ್ಮನೇ ಕೊಡಿಸಿದ್ದು, ಹುಟ್ಟುಹಬ್ಬಕ್ಕೆ.
‘ಕಾಲ ಸರಿಯಿಲ್ಲ ಮಗಾ, ಒಂದು ಇರಲಿ.’

ವರದಿಯಲ್ಲಿ ಒಂದು ಸಾಲು:
ಅಧಿಕಾರಿಗೆ ಪ್ರಾಣಭಯವಾಯಿತು.
ಆರು ಗುಂಡಿನಷ್ಟು ಭಯ.
ಕ್ವಿನ್ಸಿಗೆ ಆದದ್ದಕ್ಕೆ ಏನೆನ್ನುತ್ತಾರೋ, ಬರೆದಿರಲಿಲ್ಲ.

ಪುಟ್ಟಿ ಕಲಸಿಕೊಂಡು ಗೋಡೆಗೆ ಬಂದೆ.
ಒಂದು ತೂತು ಕ್ಯಾಲೆಂಡರಿನಲ್ಲಿ,
ಮಾರ್ಚಿನಿಂದ ಡಿಸೆಂಬರಿನ ತನಕ ಒಂದೇ ಏಟಿಗೆ ದಾಟಿ ಹೋಗಿತ್ತು,
ಹಲ್ಲಿನ ಡಾಕ್ಟರ ದಿನವನ್ನೂ ಸೇರಿಸಿ.
ಮೂರು ಮುಚ್ಚಿದೆ. ನಾಲ್ಕನೆಯದಕ್ಕೆ ಕೈಯೆತ್ತಿದಾಗ
ಅಡಿಗೆಮನೆಯಿಂದ ಒರೆಟಾ ಗೇನ್ಸ್:
‘ಅದನ್ನ ಬಿಡಿ.’
ಯಾಕೆಂದು ಕೇಳಲಿಲ್ಲ. ಆಕೆಯೇ ಅಂದಳು:
‘ಬೆಳಕು ಗಿಳಕು ಅಂತೆಲ್ಲ ಅಲ್ಲ. ಅಲ್ಲಿಂದ ಚಳಿಗಾಳಿ ಬರುತ್ತೆ.
ರಾತ್ರಿ ಎದ್ದು ಬೆರಳಿಟ್ಟು ತಡೀಬೇಕು ನಾನು.
ಅಷ್ಟಾದರೂ ಕೆಲಸ ಬೇಕಲ್ಲ.’
ನೀಲಿ ಕಾಗದದಲ್ಲಿ ಮೂರು ಎಂದೇ ಬರೆದೆ.

ಸುಳ್ಳು ಯಾಕೆ, ನನ್ನ ಮೇಜಿನ ಖಾನೆಯಲ್ಲೂ ಒಂದಿದೆ,
ಬೈಬಲ್ಲಿನ ಅಡಿಯಲ್ಲಿ. ಅಪ್ಪ ಅಲಬಾಮದಿಂದ ತಂದದ್ದು.
ಅವನ ಕಾಲಕ್ಕೆ ಬಾಗಿಲಿಗೆ ಬರುತ್ತಿದ್ದವರು
ಪಂಜು ಹಿಡಿದು ಬರುತ್ತಿದ್ದರು.
ಆ ರಾತ್ರಿಗಳನ್ನು ನಾನು ಕಂಡವನಲ್ಲ, ಅವು ನನ್ನ ಕೈಗೆ ಗೊತ್ತು.

ಅವತ್ತೇ ರಾತ್ರಿ ಒಂಬತ್ತೂವರೆಗೆ ಯಾರೋ ಕದ ತಟ್ಟಿದರು.
ನಾನು ಏಳುವ ಮೊದಲೇ ಕೈ ಖಾನೆಯೊಳಗಿತ್ತು.
ಪ್ರಾಣಭಯ: ಆ ವರದಿಯ ಮಾತು ನಾಲಗೆಯ ಮೇಲೆ,
ಇಸ್ತ್ರಿ ಮಾಡಿಟ್ಟ ಅಂಗಿಯಂತೆ ಸಿದ್ಧ.
ಮೇಜಿನಿಂದ ಬಾಗಿಲಿಗೆ ಹನ್ನೊಂದು ಅಡಿ ನಾಲ್ಕು ಇಂಚು;
ಎರಡನ್ನೂ ಮಾಡಿದವನು ನಾನೇ.
ಐದನೆಯ ಹೆಜ್ಜೆಗೆ ಆಚೆಯಿಂದ ದನಿ:
‘ಮಿಸ್ಟರ್ ಪೆಟ್‌ವೇ, ನಿಮ್ಮ ಟೇಪು.’

ಪಕ್ಕದ ಮನೆಯ ಎಝ್ರಾ, ಹನ್ನೊಂದು ವರ್ಷ.
ಚಳಿಗೆ ಟೊಪ್ಪಿಗೆ ಹುಬ್ಬಿನ ತನಕ ಎಳೆದುಕೊಂಡಿದ್ದ.
ಶಾಲೆಯ ಲೆಕ್ಕಕ್ಕೆಂದು ಬೆಳಿಗ್ಗೆ ಒಯ್ದದ್ದು.
‘ಅಳತೆ ಮುಗೀತಾ?’ ಅಂದೆ, ಬಲಗೈ ಬೆನ್ನ ಹಿಂದೆ.
‘ನಮ್ಮನೇದು ಮುಗೀತು. ನಿಮ್ಮ ಬಾಗಿಲೂ ಅಳೀಲಾ?’
ಅನ್ನುತ್ತಲೇ ಹೊಸ್ತಿಲಲ್ಲಿ ಕೂತು, ತುದಿಯನ್ನು ಕಾಲಲ್ಲಿ ಒತ್ತಿ,
ಹಳದಿ ಪಟ್ಟಿಯನ್ನು ಮೇಲಕ್ಕೆ ಎಳೆಯತೊಡಗಿದ:
ತನ್ನ ಮೊಣಕಾಲು, ಎದೆ, ಟೊಪ್ಪಿಗೆ, ಅದಕ್ಕೂ ಮೇಲೆ.
ತುದಿ ಜಾರಿತು.
ಟೇಪು ಪಟ್ಟನೆ ಒಳಗೆ ಸೇರಿಕೊಂಡಿತು.

ಇಬ್ಬರೂ ಬೆಚ್ಚಿದೆವು.
ಅವನು ನಕ್ಕುಬಿಟ್ಟ.
ನನ್ನ ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.