ಕಚ್ಚು

ಹಗಲು ನಾನು ಹಲ್ಲು ಮಾಡುವವಳು.
ಚಿಂತಾಮಣಿಯಲ್ಲಿ, ಸೈಕಲ್ ಅಂಗಡಿಯ ಮಹಡಿ ಮೇಲೆ,
ಮೂರು ಡಾಕ್ಟರು ಕಳಿಸುವ ಬಾಯಚ್ಚುಗಳಿಗೆ
ಮೇಣ ಹಚ್ಚಿ, ಗಾರೆ ಸುರಿದು, ಒಸಡಿಗೆ ಗುಲಾಬಿ ಕೂಡಿಸಿ
ಯಾರದೋ ನಗುವನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸುತ್ತೇನೆ.

ಏಳೂವರೆಗೆ ತಟ್ಟೆ ಸರಿಸಿದರೆ
ಅದೇ ಮೇಜಿನ ಮೇಲೆ ಹಳಿ.

ಹಳಿ ಅಂದರೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸುತ್ತಲ್ಲ.
ಶ್ರೀನಿವಾಸಪುರದ ಮಾವಿನ ಪೆಟ್ಟಿಗೆ ಒಡೆದು, ಸೀಳಿ,
ಚಹಾ ಡಿಕಾಕ್ಷನ್ನಿನಲ್ಲಿ ತುಕ್ಕು ಮೊಳೆಯ ಜತೆ ರಾತ್ರಿಯಿಡೀ ನೆನೆಸಿದ,
ಬೆರಳ ಗೆಣ್ಣಿಗಿಂತ ತುಸು ಉದ್ದದ ಸ್ಲೀಪರುಗಳು.
ಎರಡೂವರೆ ಅಡಿಯ ದಾರಿ ಇಲ್ಲಿ ಹದಿನಾರೂವರೆ ಮಿಲಿಮೀಟರು.
ಐದಕ್ಕೊಂದು ತಾಮ್ರದ ಹೊದಿಕೆಯದು, ಅದರ ಮೇಲೆ ಬೆಸುಗೆ,
ಹಲ್ಲಿನ ತಂತಿಗೆ ಹಾಕುವಂಥದೇ, ಒಂದು ಹನಿ,
ಉಸಿರು ಹಿಡಿದು.
ಗೇಜು ಇಟ್ಟು, ತೆಗೆದು, ಮತ್ತೆ ಇಟ್ಟು.

ಬ್ಯಾಟಪ್ಪ ಬಂದಿದ್ದು ಕೆಳದವಡೆಗೆ ಹಲ್ಲಿನ ಸೆಟ್ಟು ಕೇಳಿಕೊಂಡು.
ನ್ಯಾರೋಗೇಜು ಕಾಲದ ಕೀಮ್ಯಾನು,
ಸುತ್ತಿಗೆ ಹೆಗಲಿಗಿಟ್ಟು ದಿನಾ ನಾಲ್ಕು ಮೈಲಿ ನಡೆದ ಕಾಲು.
ನನ್ನ ಪಾಯಿಂಟು ನೋಡಿದ, ಕನ್ನಡಕ ಹಣೆಗೇರಿಸಿ
ನೋಡೇ ನೋಡಿದ.
"ಪುಸ್ತಕದಲ್ಲಿ ಈ ಜಾಗಕ್ಕೆ ಕಪ್ಪೆ ಅಂತಾರೆ" ಎಂದೆ.
"ಕಪ್ಪೆ ಕೆರೇಲಿರ್ತದೆ. ಇದು ಕ್ರಾಸಿಂಗು, ಅಮ್ಮಣ್ಣಿ.
ಆಟದ್ದೇ ಆದ್ರೂ ಹೆಸರಿಟ್ಟು ಕರೀಬೇಕು."

ಅದು ನಮ್ಮೂರ ಸ್ಟೇಷನ್ನಿನ ಹಳೇ ಅಂಗಳ,
ಗೂಡ್ಸ್ ಷೆಡ್ಡಿಗೆ ಕವಲೊಡೆಯುವ ದಾರಿ.
ಒಂದು ಮಾಸಿದ ಫೋಟೋ, ಮಿಕ್ಕಿದ್ದೆಲ್ಲ ಅಂದಾಜು.
ನಾಲ್ಕು ತಿಂಗಳು ಗೆರೆ ಎಳೆದೆ, ಅಳಿಸಿದೆ;
ನಾಲಗೆ ಹಳಿ ಎರಡನ್ನೂ ಅರದಲ್ಲಿ ಬ್ಲೇಡಿನಷ್ಟು ತೆಳುವಾಗಿಸಿದೆ;
ಚಕ್ರದ ಅಂಚು ತೂರುವ ಸಂದಿಗೆ
ಎಕ್ಸ್‌ರೇ ಫಿಲ್ಮಿನ ಆರು ಚೂರು ಜೋಡಿಸಿದ್ದೇ ಅಳತೆ.
ಅನುಮಾನ ಬಂದಾಗ ಕಚ್ಚು ನೋಡುವ ನೀಲಿ ಕಾಗದ,
"ಕಚ್ಚಿ, ಬಿಡಿ, ಕಚ್ಚಿ" ಅನ್ನುತ್ತಾರಲ್ಲ ಅದನ್ನೇ
ಹಳಿಯ ಮೇಲೆ ಹಾಸಿ ವ್ಯಾಗನ್ ತಳ್ಳುತ್ತಿದ್ದೆ.
ನೀಲಿ ದಟ್ಟವಾದ ಕಡೆ ಉಬ್ಬು. ಉಜ್ಜುತ್ತಿದ್ದೆ.
ಕೊನೆಗೊಂದು ದಿನ ಒಂದೇ ಸಮನಾದ ಗೆರೆ ಬಿತ್ತು.
ಅವತ್ತು ರಾತ್ರಿ ಹೋಳಿಗೆ ತರಿಸಿ ಒಬ್ಬಳೇ ತಿಂದೆ.

ಬ್ಯಾಟಪ್ಪ ವ್ಯಾಗನ್ ಓಡಿಸಿದ. ಕಿವಿ ಕೊಟ್ಟ.
"ಚೆನ್ನಾಗೈತೆ" ಅಂದ. "ನಮ್ದಲ್ಲ."

ಷೆಡ್ಡಿನ ಕಡೆ ಮೂರನೇ ಸ್ಲೀಪರು ಯಾವತ್ತೂ ಕೂತುಬಿಡೋದಂತೆ.
ಎಷ್ಟು ಜಲ್ಲಿ ತುಂಬಿದರೂ ಕೆಳಗೆ ಯಾವುದೋ ಮುಚ್ಚಿದ ಬಾವಿಯ ಮಣ್ಣು.
ಗಾಡಿ ಅಲ್ಲೊಂದು ಸಲ ತಲೆ ಬಾಗಿಸಿ ಏಳೋದಂತೆ,
ಕಡಲೇಕಾಯಿ ಮೂಟೆ ಮೇಲೆ ಮಲಗಿದ ಹಮಾಲಿಗೂ ಎಚ್ಚರ,
ಇಳಿಯುವ ಜಾಗ ಬಂತು ಅಂತ.
"ಮೂವತ್ತೊಂದು ವರ್ಷ ಎತ್ತಿದೀನಿ ಅದನ್ನ.
ನೀನು ಒಂದೇ ದಿನಕ್ಕೆ ಸರಿ ಮಾಡ್ಬಿಟ್ಯಲ್ಲ!"

ನಾಲ್ಕು ತಿಂಗಳು ಅನ್ನಲು ಬಾಯಿ ತೆರೆದೆ. ಮುಚ್ಚಿದೆ.

ನನಗೆ ಗೊತ್ತಿರಬೇಕಿತ್ತು.
ಹಲ್ಲು ತೀರಾ ಸಾಲಾಗಿದ್ದರೆ ಕೆಳಗಿನ ಪಂಕ್ಚರ್ ಹುಡುಗನೂ
ಕಟ್ಟಿಸಿದ್ದು ಅಂತಾನೆ;
ಅದಕ್ಕೇ ನಾನು ಹಳೇ ಫೋಟೋ ಕೇಳಿ ಪಡೆದು
ಒಂದು ಕೋರೆಯನ್ನು ಕೂದಲೆಳೆಯಷ್ಟು ತಿರುಗಿಸುವುದು.
ಹಳಿಗೆ ಯಾಕೆ ಹೊಳೆಯಲಿಲ್ಲ?

ಕಾಯಿಸಿದೆ. ಮೂರನೆಯದರ ಬೆಸುಗೆ ಕರಗಿತು.
ಅಡಿಯ ಕಾರ್ಕು ಕೆರೆದು ಹಳಿಯನ್ನು ಉಗುರಿನಲ್ಲಿ ಒತ್ತಿದೆ.
ಜಾಸ್ತಿಯಾಯಿತು: ವ್ಯಾಗನ್ ಹಳಿ ತಪ್ಪಿ ಸೋಡಾ ಬಾಟಲಿಗೆ ಗುದ್ದಿತು.
ಎತ್ತಿದೆ. ಕಮ್ಮಿಯಾಯಿತು.
"ಇನ್ನೊಂಚೂರು... ಹಾ, ಇನ್ನೂ... ಬಿಡು."
ಬೆರಳು ಸುಟ್ಟಿತ್ತು. ನೀಲಿ ಕಾಗದ ಹಾಸಿದೆ.
ಉದ್ದ ಗೆರೆ. ಆಮೇಲೆ ಅಕ್ಕಿಕಾಳಿನಷ್ಟು ಖಾಲಿ.
ಮತ್ತೆ ಗೆರೆ.

ಅವನು ಅಲ್ಲೇ ತಳ್ಳುತ್ತಾ ಕೂತ, ಹಿಂದೆ, ಮುಂದೆ.
ವ್ಯಾಗನ್ ಬಾಗುವ ಹೊತ್ತಿಗೆ ಸರಿಯಾಗಿ
ಅವನ ಬರೀ ಒಸಡಿನ ದವಡೆಯೂ ಚೂರು ಬಾಗುತ್ತಿತ್ತು.
ಕೆಳಗೆ ಅಂಗಡಿ ಶಟರು ಎಳೆದ ಸದ್ದಿಗೆ ಎದ್ದು ಹೊರಟ,
ಬಾಯಚ್ಚು ಕೊಡುವುದನ್ನೇ ಮರೆತು.
ಶುಕ್ರವಾರ ಬಾ ಎಂದಿದ್ದೇನೆ.