ಒಂದ್ ಉಂಡಿ ಕಮ್ಮಿ

ಬೀದರಿನ ಚೌಬಾರಾ ಹಿಂದಿನ ಓಣಿಯಾಗ
ಶುಕ್ರವಾರ ಮಧ್ಯಾಹ್ನ ಮೂರಕ್ಕ ಹಾಲಿನ ಬಾಗಲಾ ತೆಗೀತೀನಿ,
ಚಾಪಿ ಹಾಸ್ತೀನಿ, ಮಣಕಾಲು ನೋಯವರಿಗೆ ಕುರ್ಚಿ.
ಬಿ.ಪಿ. ನೋಡೂದು, ಬೆರಳು ಚುಚ್ಚಿ ಸಕ್ರಿ ನೋಡೂದು,
ವಹಿಯಾಗ ಬರಿಯೂದು, ನನ್ನ ನೌಕರಿ ಇಷ್ಟ.
ಉಂಡಿ ಕಟ್ಸೂದು ಅದರಾಗ ಎಲ್ಲೂ ಇಲ್ಲ.

ಆದ್ರ ಹೋದ ವಾರ ಕಾಶೀಬಾಯಿ ಬೆರಳು ಚಾಚಿ ಅಂದ್ಳು:
“ಬರೇ ರಕ್ತ ತಗೋತಿ. ಏನರ ಕೊಟ್ಟೀ ಏನವ್ವ?”

ಅದಕ್ಕ ತಂದೀನಿ ಎರಡು ಸೇರು ಶೇಂಗಾ, ಒಂದ್ ಪೆಂಟಿ ಬೆಲ್ಲ,
ಪುಡಿಕ್ಯಾಗ ನಾಕ್ ಯಾಲಕ್ಕಿ. ಸಣ್ಣ ಗ್ಯಾಸಿನ ಒಲಿ.
“ಭಾಳ ಸಲೀಸ ಅದರಿ,” ಅಂದೆ, “ಪಾಕದ ಗೊಡವಿ ಇಲ್ಲ,
ಹುರಿಯೂದು, ಕುಟ್ಟೂದು, ಕಟ್ಟೂದು.”
ಹನ್ನೊಂದು ಮಂದಿ ಒಬ್ಬರ ಮಾರಿ ಒಬ್ಬರು ನೋಡಿ ನಕ್ಕರು.

ಹುರಿಯಾಕ ಹಬೀಬುನ್ನೀಸಾ ಬೀ ಕುಂತ್ಳು.
ಎರಡೂ ಕಣ್ಣಿಗೆ ಪೊರಿ.
ಕಡಾಯಿ ಕಡೆ ಕಿವಿ ಬಾಗಿಸಿ ಅಂತಾಳ:
“ಅಬ್ಬೀ ನಕೋ ಬೇಟಾ, ಇನ್ನಾ ಚಟ್ ಅಂದಿಲ್ಲ.”
ನಾ ಗಡಿಯಾರ ನೋಡ್ತಿದ್ದೆ,
ಆಕಿ ಶೇಂಗಾ ಹೇಳೂದು ಕೇಳ್ತಿದ್ಳು.

ಗುಂಡಮ್ಮ ಮೊರ ಹಿಡದು ಕೇರಿದ್ಳು.
ಕೆಂಪು ಸಿಪ್ಪಿ ಫ್ಯಾನಿನ ಗಾಳಿಗೆ ಎದ್ದು
ವೈಜಿನಾಥ ಮಾಸ್ತರರ ಬಿಳಿ ಟೊಪ್ಪಿಗಿ ಮ್ಯಾಲ ಇಳದ್ವು.
ಸಂಜೀತನಾ ಯಾರೂ ಹೇಳಲಿಲ್ಲ.

ಬೆಲ್ಲ ಅಂದ್ರು, ಗೂಳ ಅಂದ್ರು, ಗುಡ್ ಅಂದ್ರು,
ಜಹೀರಾಬಾದಿನಿಂದ ಸೊಸಿಯಾಗಿ ಬಂದ ಲಕ್ಷ್ಮಕ್ಕ ಬೆಲ್ಲಂ ಅಂದ್ಳು.
ಒಂದ್ ಪೆಂಟಿ ಒಡಿಯಾಕ ನಾಕ್ ಭಾಷಾ ಆದ್ವು.
ಒಡದದ್ದು ಮಾತ್ರ ಕಲ್ಲು.

ಉಂಡಿ ನಿಲ್ಲವಲ್ದು. ಹಿಡದ್ರ ಉದುರ್ತದ.
ನಾ ತುಪ್ಪಕ್ಕ ಎದ್ದೆ. ಗುಂಡಮ್ಮ ಸೆರಗು ಜಗ್ಗಿದ್ಳು:
“ಕುಂಡ್ರು. ಇನ್ನಾ ಕುಟ್ಟು.
ಶೇಂಗಾಕ್ಕ ತನ್ನ ಎಣ್ಣಿ ತನಗ ಅದ,
ಕೇಳೂದ್ರಾಗ ಬಿಡಾಂಗಿಲ್ಲ ಅದು.”
ಕುಟ್ಟಿದೆ. ರಟ್ಟಿ ಬಿದ್ವು. ಎಣ್ಣಿ ಬಿಡ್ತು.

ಝಹೀರುದ್ದೀನ ಚಾಚಾ ನಲವತ್ತು ವರ್ಷ
ಕರೀ ಹೂಜಿ ಮ್ಯಾಲ ಬೆಳ್ಳಿ ತಂತಿ ಕೂಡ್ಸಿದಾಂವ.
ಈಗ ಕೈ ನಡುಗ್ತಾವ, ಚಾ ಕುಡದ್ರ ಅರ್ಧಾ ಬಶಿಗೆ.
“ಉಂಡಿಗೆ ಇಂಥಾ ಕೈನ ಬೇಕು,” ಅಂದ,
“ನಾ ಉರುಳ್ಸೂದ ಬ್ಯಾಡ, ತಾನ ಉರುಳ್ತದ.”
ಕಡೀ ಉಂಡಿ ಮ್ಯಾಲ ಉಗುರಿನಿಂದ ಒಂದ್ ಬಳ್ಳಿ ತೆಗದ,
ಎಲಿ ಸೈತ. ಆಗ ಕೈ ನಡುಗಿದ್ದು ನಾ ಕಾಣಲಿಲ್ಲ.

ಮಡೆಪ್ಪ ಏನೂ ಮುಟ್ಟಲಿಲ್ಲ.
ಭಾಲ್ಕಿ ಗಾಡಿಯಾಗ ಕಂಡಕ್ಟರ್ ಇದ್ದಾಂವ,
ಪೆನ್ಸಿಲ್ ಇವತ್ತಿಗೂ ಕಿವಿ ಸಂದ್ಯಾಗ.
ಪರಾತದ ಮುಂದ ನಿಂತು ಎಣಿಸಿದ: ನಲವತ್ತೆಂಟು.
ನೀರು ಕುಡದು ಬಂದು ಎಣಿಸಿದ: ನಲವತ್ತೇಳು.
“ಯಾರೋ ಟಿಕೀಟಿಲ್ದ ಇಳದಾರ!”

ಕೈ ತೋರ್ಸ್ರಿ ಅಂದ. ಎಲ್ಲಾರೂ ಚಾಚಿದ್ರು,
ಒಂಬತ್ತು ಮಂದಿ ಅಂಗೈಗೆ ಒಂದ ಎಣ್ಣಿ, ಒಂದ ವಾಸನಿ.
ನಾ ಕಾಶೀಬಾಯಿ ಕಡೆ ನೋಡಿದೆ. ಹೋದ ವಾರ ಎರಡ್ನೂರ ನಲವತ್ತು.
ಆಕಿ ಮ್ಯಾಲ ಫ್ಯಾನ್ ನೋಡ್ತಿದ್ಳು,
ಅದು ಎಂದೂ ತಿರುಗೂದು ಕಂಡಿಲ್ಲ ಅನ್ನಾಂಗ.
“ಹೋಗ್ಲಿ ಬಿಡು, ಪಾಸ್ ಇರಬೇಕು,” ಅಂದ ಮಡೆಪ್ಪ.
ಸೀಟಿ ಇಲ್ದನ ಬಾಯಲೆ ಸೀಟಿ ಹೊಡದ.

ಹಂಚಿದ್ವಿ. ಸಕ್ರಿ ಇದ್ದವರಿಗೆ ಅರ್ಧ,
“ಅರ್ಧಾ ಅಂದ್ರ ಯಾವ ಅರ್ಧಾ?” ಅಂತ ಜಗಳ.
ಕಲ್ಲು, ಪರಾತ ತೊಳದು, ಕಸಾ ಹೊಡದು
ಮನಿ ಮುಟ್ಟೂದ್ರಾಗ ದೀಪಾ ಹಚ್ಚಿತ್ತು.

ಸೂಜಿ ಡಬ್ಬಿ ತೆಗದೆ, ನಾಳಿಗೆ ಜೋಡಸಾಕ.
ಹತ್ತಿ ಉಂಡಿ ನಡುವ, ಔಷಧ ಚೀಟಿಯಾಗ ಸುತ್ತಿದ್ದು
ಬ್ಯಾರೆ ಒಂದ್ ಉಂಡಿ.
ಬಳ್ಳಿ ಅರ್ಧಾ ಉಳದದ. ಉಳದರ್ಧದ ಕಡೆ
ಎರಡ ಹಲ್ಲಿನ ಗುರ್ತು.

ನಿಂತಲ್ಲೇ ತಿಂದೆ, ಬಳ್ಳಿ ಸೈತ.
ಬರೂ ಶುಕ್ರವಾರ ಆಕಿ ಬೆರಳು ಚುಚ್ಚಬೇಕು.
ಏನ್ ಬರ್ತದೋ ಅದನ್ನ ಬರೀತೀನಿ.