ಮೊಳೆಗೆ ಜಾಗ

ತರ್ಫಾಳ ಎಡ ಮುಂಗಾಲು ನನ್ನ ತೊಡೆಯ ಮೇಲಿದೆ.
ಗೋಡೆಯಾಚೆ ಮಜ್ಲಿಸಿನಲ್ಲಿ
ಏಲಕ್ಕಿ ಹಾಕಿದ ಕಾಫಿ, ಖರ್ಜೂರ, ಕ್ಯಾಲೆಂಡರು.
ಏಳಕ್ಕೆ ಏಳು ಗೆದ್ದವಳು ಇನ್ನು ಎಲ್ಲಿ ಓಡಬೇಕು?

ಇಲ್ಲೇ ದುಬೈಯಲ್ಲಿ, ಮೂರು ವಾರಕ್ಕೆ, ಮೇಣದ ಮರಳಿನ ಮೇಲೆ;
ಇಲ್ಲವೇ ರಿಯಾದಿನಲ್ಲಿ, ತಿಂಗಳ ಕೊನೆಗೆ,
ಹಳೇ ಕಾಲದ ಮಣ್ಣಿನ ಮೇಲೆ, ಬಹುಮಾನ ಇಮ್ಮಡಿ.
ದೋಹಾದ ಹುಲ್ಲಿನ ಓಟ ದೂರ, ಹಣವೂ ಸಣ್ಣದು;
ಆ ಮಾತು ಬಂದರೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಮೇಣದ್ದು ಓಟವಲ್ಲ, ಜಮಖಾನೆಯ ಮೇಲಿನ ನಡಿಗೆ,"
ಯಜಮಾನರ ಮಗ ಹುಮೈದ್.
(ಸುಳ್ಳಲ್ಲ. ಜಮಖಾನೆಯ ಚೂರು ನಿಜಕ್ಕೂ ಬೆರೆಸಿದ್ದಾರೆ, ಜೊತೆಗೆ ರಬ್ಬರು.)
"ಮಣ್ಣಿನ ಮೇಲೆ ಮುರಿದ ಕಾಲು ಎಣಿಸಿದ್ದೀರಾ?"
ಡಾಕ್ಟರಮ್ಮ ಓರ್ಲಾ.
"ಮೇಣದ ಮೇಲೆ ಸೆಳೆದುಕೊಂಡ ಹಿಂಗಾಲನ್ನೂ ಎಣಿಸಿ,"
ಟ್ರೇನರ್ ಪಾಸ್ಕೋ.
"ಮಣ್ಣಲ್ಲಿ ಗೆಲ್ಲದವಳ ಮರಿಯನ್ನು ಕೊಳ್ಳುವವರಾರು?"
ಇದು ಯಾರ ದನಿಯೋ ತಿಳಿಯಲಿಲ್ಲ.
ಸ್ವಲ್ಪ ಹೊತ್ತು ಬರೀ ಕಪ್ಪುಗಳ ಸದ್ದು.

ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ ನಮ್ಮ ಕಡೆ.
ಇವರು ಕುದುರೆ ಕಂಡು ಕೂತಲ್ಲೇ ಓಡುತ್ತಿದ್ದಾರೆ;
ಕಾಲುನೋವು ಕುದುರೆಯ ಪಾಲಿಗೆ.

ಮರಳಿನಿಂದ ಎಣ್ಣೆ ಹಿಂಡಲಾಗದು ಎಂದು
ವಿಜಾಪುರದ ಶಾಲೆಯಲ್ಲಿ ಮಾಸ್ತರು ಹತ್ತು ಸಲ ಬರೆಸಿದ್ದರು.
ಇಲ್ಲಿಗೆ ಬಂದು ನೋಡಿದರೆ ಹಿಂಡಿ ಮುಗಿಸಿದ್ದಾರೆ,
ಎಣ್ಣೆ ಹಡಗು ಹತ್ತಿದೆ,
ಉಳಿದ ಮೇಣವನ್ನು ಮತ್ತೆ ಮರಳಿಗೇ ಸವರಿದ್ದಾರೆ.
ಮಧ್ಯಾಹ್ನ ಮೆತ್ತಗೆ, ರಾತ್ರಿ ಬಿಗಿ.
ಮುಷ್ಟಿಯಲ್ಲಿ ಹಿಡಿದರೆ ಹೂರಣದ ಹಾಗೆ ಉಂಡೆ,
ಕೈತುಂಬ ಕರೆಂಟು ಹೋದ ರಾತ್ರಿಯ ವಾಸನೆ.

ನಾನು ದಸ್ತಗೀರ, ಮನೆತನದಿಂದ ನಾಲಬಂದ.
ನೀವು ಲಾಳ ಅನ್ನುತ್ತೀರಿ, ನಾವು ನಾಲು.
ಅಪ್ಪ ಸ್ಟೇಷನ್ ರೋಡಿನ ಬೇವಿನ ಬುಡದಲ್ಲಿ
ಟಾಂಗಾ ಕುದುರೆಗಳಿಗೆ ನಾಲು ಬಡಿದ;
ಡಾಂಬರೊಂದೇ ಆತನಿಗೆ ಗೊತ್ತಿದ್ದ ಟ್ರ್ಯಾಕು.
ನನ್ನ ಹೆಸರಿಗೆ ಕೈ ಹಿಡಿಯುವವನು ಎಂದರ್ಥವಂತೆ.
ಈ ಊರಲ್ಲಿ ವೀಸಾಕ್ಕಾಗಿ ಎಲ್ಲರೂ
ಯಾರದಾದರೂ ಕಾಲು ಹಿಡಿದವರೇ;
ನಾನು ಕುದುರೆಯದು ಹಿಡಿದೆ. ನಾಚಿಕೆಯಿಲ್ಲ.

ಮಜ್ಲಿಸಿನ ತೀರ್ಮಾನ ನನಗೆ ಮಾತಿನಲ್ಲಿ ಬರುವುದಿಲ್ಲ,
ನಾಲಿನಲ್ಲಿ ಬರುತ್ತದೆ.
ಭಾನುವಾರ ನುಣ್ಣನೆಯ ಅಲ್ಯೂಮಿನಿಯಂ: ಅಂದರೆ ಮೇಣ.
ಗುರುವಾರ ತುದಿಗೆ ಹಲ್ಲಿರುವ ಉಕ್ಕು: ಅಂದರೆ ಮಣ್ಣು.
ಮತ್ತೆ ಭಾನುವಾರ ಯಾರದೋ ಫೋನು, ಕೀಳು ಅದನ್ನು.
ಒಮ್ಮೆ ಮನಸ್ಸು ಬದಲಿಸಿದರೆ ಕಾಲಿಗೆ ಆರು ಮೊಳೆ,
ಮೊಳೆಗೊಂದು ಹೊಸ ತೂತು.
ಉಗುರು ತಾನೆ, ನೋಯುವುದಿಲ್ಲ ಎನ್ನುವ ಗುಲ್ ಶೇರ್
ಆದರೂ ಅವಳ ಕಿವಿಯಲ್ಲಿ ಪಷ್ತೂವಿನಲ್ಲಿ ಏನೋ ಸಮಾಧಾನ ಹೇಳುತ್ತಾನೆ.

ಇವತ್ತು ಸಂಜೆ ಮತ್ತೆ ಹಲ್ಲಿನ ನಾಲು ಬಂತು.
ಅರದಿಂದ ಉಜ್ಜಿ ಬೆರಳಾಡಿಸಿದೆ:
ಗೊರಸಿನ ಗೋಡೆ, ನೆನೆದು ಒಣಗಿದ ಬಿಸ್ಕತ್ತಿನ ಅಂಚು.
"ಕುದರಿ ಸುಳ್ಳ ಹೇಳತೈತಿ, ಗೊರಸ ಹೇಳೂದಿಲ್ಲಲೇ"
ಅಪ್ಪ ಅನ್ನುತ್ತಿದ್ದ.
ಸುತ್ತಿಗೆ ಕೆಳಗಿಟ್ಟೆ.

ಪಾಸ್ಕೋ ಬಂದು ಏನಾಯಿತು ಎಂದ.
ಮಣ್ಣೋ ಮೇಣವೋ ನನಗೆ ತಿಳಿಯದು ಸಾರ್,
ಮೊಳೆಗೆ ಜಾಗವಿಲ್ಲ.
ನಲವತ್ತು ದಿನ ಉಗುರು ಬೆಳೆಯಬೇಕು.
ಆತ ಬಗ್ಗಿ, ನನ್ನ ಹಾಗೇ, ಹೆಬ್ಬೆರಳು ಒತ್ತಿ ನೋಡಿದ.
ಏನೂ ಅನ್ನದೆ ಮಜ್ಲಿಸಿಗೆ ನಡೆದ.
ಬಾಗಿಲಲ್ಲಿ ಬೂಟು ಕಳಚಿದ ಸದ್ದು,
ಆಮೇಲೆ ಬಹಳ ಹೊತ್ತು ಸದ್ದೇ ಇಲ್ಲ,
ಆಮೇಲೆ ಕ್ಯಾಲೆಂಡರಿನ ಹಾಳೆ ಮಗುಚಿದ್ದು ಕೇಳಿಸಿತು,
ಒಂದು.
ಇನ್ನೊಂದು.

ಬೆಳಿಗ್ಗೆ ಜೆಬೆಲ್ ಅಲಿಯ ಕಡಲಿಗೆ ಇಳಿಸಿದೆವು,
ನಾಲಿಲ್ಲದೆ, ಎರಡು ವರ್ಷಗಳಲ್ಲಿ ಮೊದಲ ಸಲ.
ಹೊಸ ಸೊಸೆ ಅಡುಗೆಮನೆಗೆ ಕಾಲಿಟ್ಟ ಹಾಗೆ
ಗೊರಸು ಎತ್ತಿ ಎತ್ತಿ ಇಟ್ಟಳು.
ಒದ್ದೆ ಮರಳಲ್ಲಿ ಅಂಚಿಲ್ಲದ ಗುರುತು;
ಗೇಣು ಹಾಕಿ ಅಳೆದೆ, ಅಭ್ಯಾಸ ಬಿಡುವುದಿಲ್ಲ.
ದೋಹಾದ ಹುಲ್ಲು ಹೇಗಿರುತ್ತದೆ ಉಸ್ತಾದ್,
ಗುಲ್ ಶೇರ್ ಕೇಳಿದ.
ನಾನು ನೋಡಿಲ್ಲ, ಅಂದೆ.
ಅವಳು ಬಾಗಿ ಉಪ್ಪುನೀರು ಮೂಸಿ,
ತುಟಿ ಮೇಲೆತ್ತಿ ಹಲ್ಲು ತೋರಿದಳು.